ಎರಡರ ವರ್ಗಮೂಲ

ಮೂರು ಗಂಟೆಯ ಕಂಪ್ಯೂಟರ್ ಪರೀಕ್ಷೆಯಲ್ಲಿ ಎರಡೂವರೆ ಗಂಟೆಯನ್ನು ಒಂದೇ ಪ್ರೋಗ್ರಾಮು ನುಂಗಿತ್ತು. ಮಧುಗಿರಿ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಹುರಿಯುತ್ತಿದ್ದ ತಾಯಿ ಕದರಮ್ಮನ ಪಕ್ಕ ಹರ್ಷಿತಾ ಬ್ಯಾಗು ಕುಕ್ಕಿ ಕೂತಳು. ಬೆಂಚಿನಲ್ಲಿ ಕೂತವರಿಗೆಲ್ಲ ಅವರ ಮಾತು ಕೇಳಿಸುತ್ತಿತ್ತು.

“ಫೇಲಾ?”

“ಇನ್ನೇನು! ಎರಡರ ವರ್ಗಮೂಲ ಹುಡುಕ್ಬೇಕಿತ್ತು. ಒಂದು ಸಂಖ್ಯೆ ಊಹಿಸಿ, ಸುತ್ತು ಸುತ್ತಿಗೂ ತಿದ್ಕೊಂಡು ಹೋಗೋದು. ಕೊನೇವರ್ಗೂ ನಿಲ್ಲಲೇ ಇಲ್ಲ ಕಣಮ್ಮ.”

“ನಿಲ್ಲು ಅಂತ ನೀನು ಹೇಳ್ಬಾರ್ದಾ?”

“ವರ್ಗ ಸರಿಯಾಗಿ ಎರಡಾದಾಗ ನಿಲ್ಲು ಅಂದಿದ್ದೆ. ಯಾವಾಗ್ಲೂ ಕೂದಲೆಳೆಯಷ್ಟು ಹೆಚ್ಚು, ಇಲ್ಲಾ ಕಮ್ಮಿ.”

“ನಿನ್ನ ಕ್ಲಾಸಿನ ಬಿಂದುಶ್ರೀದು?”

“ಇಪ್ಪತ್ತು ಸುತ್ತು ಸಾಕು ಅಂತ ಬರೆದು ಎದ್ದೋದ್ಲು. ಮೋಸ ಅಲ್ವಾ ಅದು?”

“ಎಂಥ ಮೋಸ? ಒಂದು ಕಾಯೂ ಹಸಿ ಇರ್ಬಾರ್ದು ಅಂತ ನಾನು ಹುರೀತಾ ಕೂತ್ರೆ ಬಾಂಡ್ಲೀಲಿರೋವೆಲ್ಲಾ ಸೀದೋಗ್ತವೆ.”

“ಇದು ಕಡ್ಲೆಕಾಯಲ್ಲಮ್ಮ, ಲೆಕ್ಕ!”

“ನಂದೂ ಲೆಕ್ಕಾನೇ ಕಣೇ. ಸಾಕು ಅನ್ನೋ ಹೊತ್ಗೆ ಇಳಿಸ್ಬೇಕು.”

ಹರ್ಷಿತಾ ಬಾಂಡಲಿಯನ್ನೇ ದಿಟ್ಟಿಸಿದಳು.

“ಬೆಳಗ್ಗೇನೇ ಹೇಳೋಕೇನಾಗಿತ್ತು ನಿಂಗೆ?”

“ಕಡ್ಲೆಕಾಯಿ ವಿಚಾರ ಕೇಳ್ತಾರೆ ಅಂತ ನಂಗೇನು ಗೊತ್ತು?”

ಕೊರಟಗೆರೆ ಬಸ್ಸು ಬಂತು. ಹರ್ಷಿತಾ ಮುನಿಸಿನಲ್ಲೇ ಕಡಲೆಕಾಯಿ ಬುಟ್ಟಿ ಎತ್ತಿಕೊಂಡು ಕಿಟಕಿಗಳ ಕಡೆ ನಡೆದಳು, ಹಿಂದೆಯೇ ಕದರಮ್ಮ. ಲೆಕ್ಕವನ್ನು ಎಲ್ಲಿ ನಿಲ್ಲಿಸಬೇಕೆಂಬುದು ಈಗ ಹರ್ಷಿತಾಗೆ ತಿಳಿದಿತ್ತು. ಮರುಪರೀಕ್ಷೆ ಮಾತ್ರ ಇನ್ನು ಆರು ತಿಂಗಳಿಗೆ.