ಮನಸ್ಸಿನಲ್ಲೇ ಗೆದ್ದ ಜಗಳಗಳು

ಬಸ್ಸಿನಲ್ಲಿ ತೂಕಡಿಸುತ್ತಿದ್ದ ಎಲೆಕ್ಟ್ರಿಷಿಯನ್ನನ ನಿದ್ದೆ ಕೆಡಿಸಿದ್ದು, ಮುಂದಿನ ಸೀಟಿನಲ್ಲಿದ್ದ ಅಕ್ಕತಂಗಿಯರು. ಇಬ್ಬರೂ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವರು.

"ನಿನ್ನೆ ಮತ್ತೊಂದು ಶರ್ಟ್ ಸುಟ್ಟೆಯಂತೆ?" ಅಕ್ಕ ಕೇಳಿದಳು.

"ಅತ್ತಿಗೆಗೆ ಉತ್ತರ ಕೊಡ್ತಿದ್ದೆ ಅಕ್ಕ."

"ಅವಳ್ಯಾಕೆ ಲಾಂಡ್ರಿಗೆ ಬಂದಿದ್ಲು?"

"ಬಂದಿರ್ಲಿಲ್ಲ. ಮನಸ್ಸಲ್ಲೇ. ಹೋದ ವರ್ಷ ನನ್ನ ಸೋಮಾರಿ ಅಂದಿದ್ಲಲ್ಲ, ಅದಕ್ಕೆ."

"ಅವಳು ಮನೇಲಿ ಗಡದ್ದಾಗಿ ನಿದ್ದೆ ಹೊಡೀತಾಳೆ. ನೀನು ಇಬ್ಬರ ಮಾತೂ ಒಬ್ಬಳೇ ಆಡಿ ಸುಸ್ತಾಗ್ತೀಯ."

"ಆದ್ರೆ ಗೆದ್ದೆ."

"ಇನ್ನೊಂದು ಸುಟ್ರೆ ಕೆಲಸದಿಂದ ತೆಗೀತೀನಿ ಅಂದಿದಾನೆ ಸೂಪರ್‌ವೈಸರ್."

"ರಾತ್ರಿ ಅವನಿಗೂ ಸರಿಯಾಗಿ ಕೊಟ್ಟೆ. ಕಾಲಿಗೆ ಬಿದ್ದ."

"ನಿನ್ನನ್ನ ಬಟ್ಟೆ ಮಡಿಚೋ ಕಡೆ ಹಾಕು ಅಂತ ಅವನನ್ನ ನಾನೇ ಕೇಳ್ತೀನಿ. ಅಲ್ಲಿ ಸುಡೋಕೆ ಏನೂ ಇಲ್ಲ."

ಸ್ಟಾಪ್ ಬಂತು. ಇಳಿಯುವಾಗಲೂ ತಂಗಿಯ ತುಟಿ ಅಲ್ಲಾಡುತ್ತಿತ್ತು.

"ಈಗ ಯಾರ ಜೊತೆ?" ಅಕ್ಕ ಕೇಳಿದಳು.

"ನಿನ್ನ ಜೊತೆ," ಎಂದಳು ತಂಗಿ.