ಒಂದೂಕಾಲು ಗಂಟೆಯ ದೂರು

ಬಸ್ಸಿನ ಸಾಲಿನಲ್ಲಿ ನಿಂತಿದ್ದ ನನಗೆ ಮುಂದಿದ್ದ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಕಿವಿಗೆ ಬಿತ್ತು. ಇಬ್ಬರ ಕೊರಳಲ್ಲೂ ಒಂದೇ ಕಚೇರಿಯ ಗುರುತಿನ ಚೀಟಿ.

“ಮ್ಯಾನೇಜರ್ ಮೇಲೆ ದೂರು ಕಳಿಸಿದ್ದು ನಾನಂತೆ,” ಎಂದಳು ದೊಡ್ಡವಳು. “ನಾಳೆ ವಿಚಾರಣೆ. ಕೆಲಸ ಉಳಿಯೋದು ಕಷ್ಟ.”

“ಯಾರು ಹೇಳಿದ್ದು ಅಕ್ಕ?” ಎಂದಳು ಚಿಕ್ಕವಳು.

“ಕಂಪ್ಯೂಟರೇ ಹೇಳ್ತಂತೆ. ಸೋಮವಾರ ಒಂದೂಕಾಲಿಗೆ ನನ್ನ ಲಾಗಿನ್‌ನಲ್ಲಿ ಟೈಪ್ ಆಗಿದೆ.”

“ಆಗ ನೀವು ಊಟಕ್ಕೆ ಹೋಗಿದ್ರಲ್ಲ.”

“ಊಟ ಆಗಿತ್ತು ಕಣೇ. ಬೆರಳು ಕುಯ್ಕೊಂಡಿದೀನಿ ಅಂದೆಯಲ್ಲ, ನಿನ್ನ ಡಬ್ಬಿ ತೊಳೀತಿದ್ದೆ. ನನ್ನ ಕುರ್ಚೀಲಿ ಇದ್ದವಳು ನೀನು.”

“ಸುಮ್ನೆ ಕೂತಿದ್ದೆ. ಆ ದೂರು ನಾನು ಕಣ್ಣಲ್ಲೂ ನೋಡಿಲ್ಲ.”

“ಕುಯ್ದ ಬೆರಳಲ್ಲಿ ಎರಡು ಪುಟ. ಭಾಳ ಗಟ್ಟಿ ಬೆರಳು.”

“ನಿಮಗೇನೂ ಆಗಲ್ಲ ಬಿಡಿ ಅಕ್ಕ. ಕೆಳಗೆ ಹೆಸರೇ ಹಾಕಿಲ್ವಲ್ಲ.”

ದೊಡ್ಡವಳು ಅವಳ ಮುಖವನ್ನೇ ನೋಡಿದಳು. “ನೋಡೇ ಇಲ್ಲ ಅಂದೆ.”

ಬಸ್ಸು ಬಂತು. ದೊಡ್ಡವಳು ಚೀಲದಿಂದ ಊಟದ ಡಬ್ಬಿಯೊಂದನ್ನು ತೆಗೆದು ಚಿಕ್ಕವಳ ಕೈಗಿಟ್ಟಳು.

“ಇವತ್ತಿಂದೂ ತೊಳೆದಿದೀನಿ,” ಎಂದು ಹತ್ತಿಹೋದಳು.

ಚಿಕ್ಕವಳು ಡಬ್ಬಿ ಹಿಡಿದು ನಿಂತೇ ಇದ್ದಳು. ಸಾಲು ಅವಳನ್ನು ದಾಟಿಕೊಂಡು ಮುಂದೆ ಹೋಯಿತು.