ಮೊದಲ ಕೂಗಿಗೆ ಓಗೊಟ್ಟವನು

ಇದು ನಮ್ಮ ದೊಡ್ಡಮ್ಮ ಕಾಳಕ್ಕನ ಮಗ ಹನುಮೇಶನಿಗೆ ಆದದ್ದು. ಯಲ್ಲದಕೆರೆಯವನು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಹಿರಿಯೂರಿನಾಚೆ ಬಯಲಲ್ಲಿರುವ ಒಂದು ಲೇಸರ್ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಅವತ್ತು ಕೊನೆಯ ಬಸ್ಸಿಳಿದು ಒಬ್ಬನೇ ಬರುತ್ತಿದ್ದ. ದಾರಿಯಲ್ಲಿ ಹಾಳುಬಾವಿ. ಕಾಲಡಿ ಗರಸು ಕರ್... ಕರ್... ಅನ್ನುತ್ತಿತ್ತು. ಬಾವಿ ದಾಟುವಾಗ ಇನ್ನೊಂದು ಸದ್ದು ಸೇರಿಕೊಂಡಿತು.

ಚಿಟ್... ಚಿಟ್... ಚಿಟ್...

ಒಣ ತೊಗರಿಕಾಯಿ ಬಿಸಿಲಿಗೆ ಸಿಡಿದ ಹಾಗೆ. ಆ ಸದ್ದು ಅವನಿಗೆ ಗೊತ್ತು. ಲೇಸರ್ ಬೆಳಕನ್ನು ಒಂದು ಚುಕ್ಕೆಗೆ ಕೂಡಿಸಿದರೆ ಅಲ್ಲಿನ ಗಾಳಿಯೇ ಹೀಗೆ ಸಿಡಿಯುತ್ತದೆ. ಲ್ಯಾಬಿನಲ್ಲಿ ಆ ಬೆಳಕನ್ನು ಆರ್ಗಾನ್ ಗ್ಯಾಸಿನ ಕೊಳವೆಯಲ್ಲಿ ಹಾಯಿಸಿ, ಅದರ ಮಿಡಿತವನ್ನು ಗಿಡ್ಡ ಮಾಡುತ್ತಾರೆ. ಎಷ್ಟು ಗಿಡ್ಡ ಅಂದರೆ, ನಾವು ರೆಪ್ಪೆ ಬಡಿಯುವ ಹೊತ್ತು ಅದರ ಮುಂದೆ ಒಂದು ಯುಗ. ಸರಿಯಾಗಿ ಕಣ್ಣಿಗೇ ಕಾಣದ ಬೆಳಕು, ಸುಡುವುದು ಮಾತ್ರ ಮೊದಲು ಕಣ್ಣನ್ನೇ. ಅದಕ್ಕೇ ಅಲ್ಲೊಂದು ಕಟ್ಟುಪಾಡು. ಲೇಸರ್ ಹಚ್ಚುವವರು ಹೊರಗಿನಿಂದ ಹೆಸರು ಹಿಡಿದು ಕೂಗಬೇಕು, ಒಳಗಿದ್ದವನು ಮೊದಲ ಕೂಗಿಗೇ ಓಗೊಡಬೇಕು.

ಮನೆಯ ಕಟ್ಟುಪಾಡು ಇದಕ್ಕೆ ತದ್ವಿರುದ್ಧ. ರಾತ್ರಿ ಯಾರೇ ಕರೆದರೂ ಮೂರನೇ ಕೂಗಿನ ತನಕ ತುಟಿ ಬಿಚ್ಚಬಾರದು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ. ಕುರಿಹಟ್ಟಿಯ ಮಕ್ಕಳಿಗೆ ನಡೆಯುವ ಮುಂಚೆಯೇ ಇದು ಗೊತ್ತಿರುತ್ತದೆ.

"ಹನುಮೇಶಾ..." ಬಾವಿಯ ಕಡೆಯಿಂದ.

"ಓ, ಒಳಗಿದೀನಿ."

ಬಾಯಿಂದ ಬಂದೇಬಿಟ್ಟಿತು. ಅಭ್ಯಾಸ ನೋಡಿ... ಸದ್ದು ನಿಂತಿತು. ಎರಡನೇ ಕೂಗು ಬರಲೇ ಇಲ್ಲ.

ಮನೆಯಲ್ಲಿ ಹೇಳಿದಾಗ ಕಾಳಕ್ಕನ ಮುಖ ಕಪ್ಪಿಟ್ಟಿತು.

"ಓ ಅಂದ್ಯೇನ್ಲಾ?" ಪಿಸುಗುಟ್ಟಿದಳು.

"ಬಾಯಿ ತಪ್ಪಿ ಬಂತು ಕಣವ್ವ."

"ನಿನ್ ದನಿ ಕೊಟ್ ಬಂದಂಗಾತು. ನಾಳೆ ಕೆಲ್ಸಕ್ ಹೋಗ್ಬ್ಯಾಡ."

ಹೋದ. ತಾಯಿ ಮಾತು ಕೇಳಿದ್ದರೆ ಅವನ ಬಲಗಣ್ಣು ಉಳಿಯುತ್ತಿತ್ತು.

ಮರುದಿನ ಸಂಜೆ ಕೊಳವೆಯ ಮುಂದಿನ ಕನ್ನಡಿ ಒರೆಸಲು ಹನುಮೇಶ ಒಳಗೆ ಹೋದ. ಲೇಸರ್ ಆರಿತ್ತು. ಬೆವರು ಹರಿಯುತ್ತಿತ್ತು, ಕಪ್ಪು ಕನ್ನಡಕ ಹಣೆಗೇರಿಸಿ ಬಗ್ಗಿದ. ಹೊರಗೆ ಸ್ವಿಚ್ಚಿನ ಹತ್ತಿರ ಪಲ್ಲವಿ, ಅಲ್ಲಿ ಸಂಶೋಧನೆ ಮಾಡುವ ಚಿತ್ರದುರ್ಗದ ಹುಡುಗಿ.

"ಹನುಮೇಶ್?" ಅಂತ ಕೂಗಿದಳು.

"ಓ, ಒಳಗಿದೀನಿ," ಅಂದ. ಅಂದೆ ಅಂತ ಇವತ್ತಿಗೂ ಆಣೆ ಮಾಡುತ್ತಾನೆ.

ಪಲ್ಲವಿಗೆ ಅದು ಕೇಳಿಸಲಿಲ್ಲ. ಅವಳಿಗೆ ಕೇಳಿಸಿದ್ದು ಬೆನ್ನ ಹಿಂದಿನಿಂದ, ಕಿವಿಗೆ ತೀರಾ ಹತ್ತಿರ, ಹನುಮೇಶನದೇ ದನಿ.

"ಇಲ್ಲೇ ಹೊರಗಿದೀನಿ ಮೇಡಂ... ಹಚ್ಚ್ರಿ."

ಹಚ್ಚಿದಳು. ಟಕ್. ಒಳಗಿನಿಂದ ಚೀರಾಟ ಬಂತು. ಆಗ ತಿರುಗಿ ನೋಡಿದಳು... ಹಿಂದೆ ಬರೀ ಗೋಡೆ. ಪಾಪ, ಆ ಹುಡುಗಿ ಕೆಲಸ ಬಿಟ್ಟಳು. ಅವಳದೇನು ತಪ್ಪು?

ಬಲಗಣ್ಣಿನ ನಡುವೆ ಸಾಸಿವೆಯಷ್ಟು ಸುಟ್ಟಿದೆ. ನೋಟದ ಮಧ್ಯೆ ಒಂದು ಕಪ್ಪು ಚುಕ್ಕೆ ಉಳಿಯುತ್ತದೆ, ಆದರೆ ಸುಟ್ಟ ಕಲೆ ಇನ್ನು ಬೆಳೆಯುವುದಿಲ್ಲ ಅಂದರು ದುರ್ಗದ ಕಣ್ಣಿನ ಡಾಕ್ಟರು. ತಿಂಗಳು ತಿಂಗಳು ತೋರಿಸಲು ನಾನೇ ಕರೆದುಕೊಂಡು ಹೋಗುತ್ತೇನೆ. ಪಕ್ಕದ ಸ್ಟೂಲಿನ ಮೇಲೆ ಕೂತು ಕಿವಿಯಾರೆ ಕೇಳಿದ್ದನ್ನೇ ಹೇಳುತ್ತಿದ್ದೇನೆ, ಒಂದಕ್ಷರ ಸೇರಿಸಿಲ್ಲ. ಮೊನ್ನೆ ಡಾಕ್ಟರು ಅವನ ಎಡಗಣ್ಣು ಮುಚ್ಚಿಸಿ, ಎದುರಿನ ಬಿಳಿ ಗೋಡೆ ತೋರಿಸಿದರು.

"ಏನ್ ಕಾಣ್ತೈತಪ್ಪ? ಚುಕ್ಕೆ ಹಂಗೇ ಐತಾ?"

ಹನುಮೇಶ ಗೋಡೆಯನ್ನೇ ದಿಟ್ಟಿಸಿದ.

"ಚುಕ್ಕೆ ಅಲ್ಲ ಸಾ... ಆಳು. ಹೋದ್ ತಿಂಗ್ಳು ಬೆನ್ ಹಾಕಿ ನಿಂತಿದ್ದ." ದನಿ ತಗ್ಗಿಸಿದ. "ಈಗ ಅರ್ಧ ತಿರುಗವ್ನೆ."